ಮೈಸೂರಿನ ಹದ



ಮೈಸೂರೆಂದೊಡನೆ ಅರಮನೆಯ ಚಿತ್ರ ಕಣ್ಣಮುಂದೆ ನಿಲ್ಲುವುದು ಸಹಜ. ಆದರೆ ಒಂದು ಸಂಗತಿಯನ್ನು ಆಲೋಚಿಸಿರಿ. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. 1912ರ ಹೊತ್ತಿಗೆ ಅದಕ್ಕಿಂತ ಭವ್ಯವಾದ ಸೌಧ ಎದ್ದು ನಿಂತಿತು. ಧನವೂ ಶಿಲ್ಪಿಯೂ ದೊರೆತರೆ ಕಟ್ಟಡವನ್ನು ಹದಿನೈದು ವರ್ಷಗಳಲ್ಲಿ ಮರಳಿ ಪಡೆಯಬಹುದು. ಹಾಗೆ ಮರಳಿ ಪಡೆಯಲಾಗದ ಸಂಪತ್ತೊಂದು ಈ ನಗರದಲ್ಲುಂಟು. ಅದನ್ನು ನಮ್ಮ ನುಡಿಯಲ್ಲಿ ‘ಹದ’ ಎನ್ನುತ್ತೇವೆ.

ಸಂಗೀತ, ಸಾಹಿತ್ಯ, ಅಡುಗೆ ಇವು ಮೂರನ್ನೂ ಒಂದೇ ಪಂಕ್ತಿಯಲ್ಲಿ ಕೂಡಿಸಿದರೆ ಕೆಲವರು ನಕ್ಕಾರು. ನಮ್ಮ ಪೂರ್ವಿಕರಿಗೆ ಆ ಸಂಕೋಚವಿರಲಿಲ್ಲ. ಕಾವ್ಯದ ಶೈಲಿಯನ್ನು ದ್ರಾಕ್ಷಾಪಾಕ, ನಾರಿಕೇಳಪಾಕ ಎಂದು ಅವರು ವಿಭಾಗಿಸಿದರು. ‘ರಸ’ವೆಂಬ ಮಾತಂತೂ ನಾಲಗೆಗೂ ಕಿವಿಗೂ ಹೃದಯಕ್ಕೂ ಸಮಾನವಾದುದು.

1799ರಲ್ಲಿ ರಾಜಧಾನಿಯು ಶ್ರೀರಂಗಪಟ್ಟಣದಿಂದ ಮೈಸೂರಿಗೆ ಬಂದಿತು. 1831ರಲ್ಲಿ ಆಂಗ್ಲರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡ ಮೇಲೂ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನ ವಿದ್ವಾಂಸರಿಗೂ ಗಾಯಕರಿಗೂ ಆಶ್ರಯವಾಗಿಯೇ ಉಳಿಯಿತು. ರಾಜ್ಯಾಧಿಕಾರ ಹೋದರೂ ರಸಿಕತೆ ಹೋಗಲಿಲ್ಲ.

ಆದರೆ ಆಶ್ರಯವೇ ಕಲೆಯಲ್ಲ. ಕಲೆ ಬದುಕುವುದು ಕೈಯಿಂದ ಕೈಗೆ ಸಾಗಿದಾಗ. ವೀಣೆ ಶೇಷಣ್ಣನವರು (1852–1926) ತಮ್ಮ ಮೀಟಿನ ಹದವನ್ನು ವೆಂಕಟಗಿರಿಯಪ್ಪನವರಿಗೆ ಕಲಿಸಿದರು. ಅವರು ಅದನ್ನು ದೊರೆಸ್ವಾಮಿ ಅಯ್ಯಂಗಾರ್ಯರಿಗೆ (1920–1997) ಒಪ್ಪಿಸಿದರು. ಮೈಸೂರು ಬಾನಿಯೆಂದು ನಾವು ಹೆಮ್ಮೆಪಡುವುದು ಇಂಥ ಗುರುಶಿಷ್ಯರ ಸರಪಳಿಯನ್ನೇ. ಸ್ವರವನ್ನು ಬರೆದಿಡಬಹುದು, ಬೆರಳಿನ ಬಿಗುವನ್ನು ಬರೆದಿಡುವ ಲಿಪಿಯಿಲ್ಲ.

ಇನ್ನು ಮೈಸೂರುಪಾಕು. ನಾಲ್ವಡಿಯವರ ಕಾಲದಲ್ಲಿ ಅರಮನೆಯ ಅಡುಗೆಯವರಾದ ಕಾಕಾಸುರ ಮಾದಪ್ಪನವರು ಇದನ್ನು ಮೊದಲು ಮಾಡಿದರೆಂಬುದು ಜನಜನಿತವಾದ ಮಾತು. ಕಡಲೆಹಿಟ್ಟು, ಸಕ್ಕರೆ, ತುಪ್ಪ: ಬೇಕಾದುದು ಇಷ್ಟೆ. ಎಳೆಪಾಕಕ್ಕೆ ಹಿಟ್ಟನ್ನು ಸುರಿದು, ಕಾದ ತುಪ್ಪವನ್ನು ಸ್ವಲ್ಪಸ್ವಲ್ಪವಾಗಿ ಹೊಯ್ಯುತ್ತ ಮಗುಚಿದರೆ ಅದು ನೊರೆಯುಕ್ಕಿ ಗೂಡುಗೂಡಾಗುತ್ತದೆ. ಒಂದು ಗಳಿಗೆ ಮೊದಲು ಇಳಿಸಿದರೆ ಮುದ್ದೆ, ಒಂದು ಗಳಿಗೆ ತಡವಾದರೆ ಕಲ್ಲು! ಅರಮನೆಯ ಒಲೆಯ ಆ ತಿನಿಸು ಪೇಟೆಯ ಅಂಗಡಿಗೆ ಬಂದುದರಿಂದಲೇ ಬಾಳಿತು.

ಸಾಹಿತ್ಯದಲ್ಲಿಯೂ ಇದೇ ಪಥ. ‘ಅಭಿನವ ಕಾಳಿದಾಸ’ರೆನಿಸಿದ ಬಸವಪ್ಪ ಶಾಸ್ತ್ರಿಗಳು ಆಸ್ಥಾನದಲ್ಲಿದ್ದುಕೊಂಡು ಶಾಕುಂತಲವನ್ನು ಕನ್ನಡಿಸಿದರು. 1891ರಲ್ಲಿ ಸ್ಥಾಪಿತವಾದ ಪ್ರಾಚ್ಯ ಪುಸ್ತಕಾಲಯದಲ್ಲಿ ಶಾಮಶಾಸ್ತ್ರಿಗಳು ತಾಳೆಯೋಲೆಯ ಪ್ರತಿಯಿಂದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಸಂಪಾದಿಸಿ 1909ರಲ್ಲಿ ಪ್ರಕಟಿಸಿದರು; ಜಗತ್ತೇ ಬೆರಗಾಯಿತು. 1916ರಲ್ಲಿ ವಿಶ್ವವಿದ್ಯಾನಿಲಯ ಬಂದ ಮೇಲೆ ಸಾಹಿತ್ಯ ಆಸ್ಥಾನದಿಂದ ಕಾಲೇಜಿನ ಅಂಗಳಕ್ಕಿಳಿಯಿತು. ಮಹಾರಾಜಾ ಕಾಲೇಜಿನಲ್ಲಿ ಓದಿದ, ಮೊದಮೊದಲು ಇಂಗ್ಲಿಷಿನಲ್ಲಿ ಕವನ ಕಟ್ಟುತ್ತಿದ್ದ ಮಲೆನಾಡಿನ ಯುವಕನೊಬ್ಬನು ಕನ್ನಡಕ್ಕೆ ಹೊರಳಿ, 1949ರಲ್ಲಿ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ನಾಡಿಗೆ ಕೊಟ್ಟನು. ಆತನೇ ಕುವೆಂಪು.

ಆಸ್ಥಾನದಲ್ಲಿ ಕೆಲವರೇ ಕೇಳುತ್ತಿದ್ದುದನ್ನು ಊರೆಲ್ಲ ಕೇಳುವಂತೆ ಮಾಡಿದ ಕೀರ್ತಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಗೋಪಾಲಸ್ವಾಮಿಯವರದು. 1935ರಲ್ಲಿ ತಮ್ಮ ಮನೆಯಲ್ಲಿಯೇ ಅವರು ಬಾನುಲಿಯನ್ನು ಆರಂಭಿಸಿದರು. ಇಲ್ಲಿ ಬೆಳೆದ ‘ಆಕಾಶವಾಣಿ’ಯೆಂಬ ಹೆಸರು ಮುಂದೆ ಭಾರತದ ಬಾನುಲಿಗೇ ಹೆಸರಾಯಿತು.

1947ರ ಬಳಿಕ ಅರಸರ ಆಶ್ರಯ ಕ್ರಮವಾಗಿ ಅಳಿಯಿತು. ಆಗ ಬಾಳಿದುದಾವುದು? ಶಿಷ್ಯನ ಕೈಗೆ, ಪೇಟೆಯ ಒಲೆಗೆ, ಓದುಗನ ಮನಸ್ಸಿಗೆ ಅದಾಗಲೇ ಇಳಿದು ಬಂದುದು. ಉಳಿದುದು ಗಾಜಿನ ಪೆಟ್ಟಿಗೆಯಲ್ಲಿದೆ.

ದಸರೆಯಲ್ಲಿ ದೀಪಗಳಿಂದ ಬೆಳಗುವ ಸೌಧವನ್ನು ಕಾಯಲು ಕಾವಲುಗಾರರಿದ್ದಾರೆ. ಹದಕ್ಕೆ ಕಾವಲುಗಾರರಿಲ್ಲ. ಅಪಶ್ರುತಿಯನ್ನು ಗುರುತಿಸುವ ಕಿವಿ, ಕೆಟ್ಟ ಪಾಕವನ್ನು ಒಲ್ಲೆನೆನ್ನುವ ನಾಲಗೆ, ಜಳ್ಳು ನುಡಿಗೆ ಒಲಿಯದ ಮನಸ್ಸು: ಇವೇ ಅದರ ಕಾವಲು. ಹಿಂದೆ ಆ ಭಾರ ಅರಸರ ಮೇಲಿದ್ದಿತು. ಇಂದು ಅದು ಕೇಳುವವರಾದ, ಓದುವವರಾದ, ಉಣ್ಣುವವರಾದ ನಮ್ಮೆಲ್ಲರ ಮೇಲಿದೆ.