‘ಹಿಮ್ಮೇಳ’ದಲ್ಲಿ ಹಿಂದೆ ಯಾರು?

ಆಟಿ ತಿಂಗಳ ಜಡಿಮಳೆ. ಕಾವೂರಿನ ಮನೆಯ ಚಾವಡಿಯಲ್ಲಿ ದೀಪ ಹಚ್ಚಿ, ಹರಿವಾಣದಲ್ಲಿ ಅಕ್ಕಿ, ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ ಇಟ್ಟು ಕಾಯುತ್ತಿದ್ದೆವು. ಅಂಗಳದಲ್ಲಿ ಗೆಜ್ಜೆ ಸದ್ದಾಯಿತು. ಕೊಡೆ ಮಡಚಿ ಒಳಬಂದವರು ಐವರು: ಭಾಗವತರು, ಮದ್ದಳೆಯವರು, ಶ್ರುತಿ ಹಿಡಿದ ಹುಡುಗ, ಒಂದು ಪುರುಷವೇಷ, ಒಂದು ಸ್ತ್ರೀವೇಷ. ಸೋಫಾ ಗೋಡೆಗೆ ಸರಿಯಿತು. ಮದ್ದಳೆಯ ಪೆಟ್ಟು ನೇರ ಎದೆಗೇ ಬೀಳುವಷ್ಟು ಹತ್ತಿರ. ಕಾಲು ಗಂಟೆಯೊಳಗೆ ಕೃಷ್ಣ ಬಂದ, ಸತ್ಯಭಾಮೆ ಮುನಿದಳು, ಒಲಿದಳು. ಇಬ್ಬರೂ ಪಕ್ಕದ ಮನೆಗೆ ಹೊರಟರು. “ಚಿಕ್ಕಮೇಳದವರಿಗೆ ಯಾವತ್ತೂ ಅವಸರವೇ” ಎಂದು ಅಮ್ಮ ಗೊಣಗಿದರು.

ಐದೇ ಜನ, ಆದರೂ ಮೇಳ. ಲಕ್ಷಗಟ್ಟಲೆ ಜನ ನೆರೆಯುವ ಕುಂಭಮೇಳವೂ ಮೇಳ. ಈ ಪದಕ್ಕೆ ತಲೆ ಎಣಿಸುವ ಅಭ್ಯಾಸವಿಲ್ಲ. ಸಂಸ್ಕೃತದ ‘ಮಿಲ್’ ಧಾತು ಇದರ ಬೇರು. ಮಿಲನ, ಸಮ್ಮಿಲನ, ಸಮ್ಮೇಳನ ಎಲ್ಲ ಒಂದೇ ಬಳ್ಳಿಯ ಕಾಯಿಗಳು. ಮೇಳಕ್ಕೆ ಬೇಕಾದದ್ದು ಕೂಡುವಿಕೆ. ‘ತಾಳಮೇಳ ಇಲ್ಲದ ಮಾತು’ ಎಂದು ಬೈಯುವಾಗ ನಮಗೆ ಸಂಗೀತದ ನೆನಪೇ ಇರುವುದಿಲ್ಲ, ಪದಕ್ಕೆ ಮಾತ್ರ ಇದೆ.

ಶಾಸ್ತ್ರಕಾರರ ಕೈಯಲ್ಲಿ ಕೂಡುವಿಕೆ ಸ್ವರಗಳದ್ದಾಯಿತು. ವಿಜಯನಗರದ ರಾಮಾಮಾತ್ಯ 1550ರಲ್ಲಿ ಬರೆದ ಗ್ರಂಥದ ಹೆಸರು ‘ಸ್ವರಮೇಳಕಲಾನಿಧಿ’. ಮುಂದಿನ ಶತಮಾನದಲ್ಲಿ ತಂಜಾವೂರಿನ ವೆಂಕಟಮಖಿ ಲೆಕ್ಕ ಹಾಕಿ 72 ಮೇಳಗಳೆಂದ. ರಾಗಗಳೂ ಒಂದೊಂದು ಮೇಳಕ್ಕೆ ಸೇರಿದ ಬಂಧುಗಳಾದವು.

ಅದೇ ತಮಿಳುನಾಡಿನಲ್ಲಿ ಪದ ಮನುಷ್ಯರ ಕಡೆಗೂ ತಿರುಗಿತು. ನಾಗಸ್ವರ, ಡೋಲಿನವರದು ‘ಪೆರಿಯ ಮೇಳಂ’, ದೇವದಾಸಿಯರ ನೃತ್ಯತಂಡ ‘ಚಿನ್ನ ಮೇಳಂ’. ಚಿನ್ನ ಎಂದರೆ ಚಿಕ್ಕದು. ಅಕ್ಷರಶಃ ನಮ್ಮ ಚಿಕ್ಕಮೇಳವೇ. ಆದರೆ ಅಲ್ಲಿ ಹಾಡಿ ಕುಣಿದವರು ಹೆಂಗಸರು. ನಮ್ಮ ಚಾವಡಿಯಲ್ಲಿ ಸತ್ಯಭಾಮೆಯಾಗಿ ಮುನಿದವನು ಗಂಡಸು. ಒಂದೇ ಹೆಸರು, ಒಳಗಿನ ಜನ ಅದಲುಬದಲು.

ಕರಾವಳಿಯಲ್ಲಿ ಮೇಳ ಎಂದರೆ ಮೊದಲು ಹೊಳೆಯುವುದು ಯಕ್ಷಗಾನದ ತಂಡ. ದೊಡ್ಡ ಮೇಳಗಳು ಮಳೆಗಾಲಕ್ಕೆ ಮುಂಚಿನ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುತ್ತವೆ. ಮಳೆಗಾಲದ ಹೊಟ್ಟೆಪಾಡು ಚಿಕ್ಕಮೇಳ. ಮೇಳವನ್ನು ಕನ್ನಡ ಎರಡಾಗಿ ಸೀಳಿದ್ದೂ ಇಲ್ಲೇ. ಕುಣಿದು ಮಾತಾಡುವವರು ಮುಂ+ಮೇಳ, ಮುಮ್ಮೇಳ. ಹಾಡಿ ಬಾರಿಸುವವರು ಹಿಂ+ಮೇಳ, ಹಿಮ್ಮೇಳ. ಭಾಗವತರು, ಚೆಂಡೆ, ಮದ್ದಳೆ: ಮೂವರ ಕೂಟ. ಪತ್ರಿಕೆಯ ಭಾಷೆಯಲ್ಲಿ ‘ಹಿಮ್ಮೇಳ’ ಈಗ ಬರೀ ಪಕ್ಕವಾದ್ಯ, ಹೂಂಗುಟ್ಟುವವರ ಗುಂಪು. ಯಕ್ಷಗಾನ ಬಲ್ಲವರು ಇದಕ್ಕೆ ನಗುತ್ತಾರೆ. ಅವರಿಗೆ ಭಾಗವತರೇ ಒಂದನೇ ವೇಷ. ಪದ್ಯ ಎತ್ತುವವರೆಗೆ ದೇವೇಂದ್ರನೂ ಬಾಯಿ ತೆರೆಯುವಂತಿಲ್ಲ. ಜಾಗಟೆಯ ಪೆಟ್ಟು ಬಿದ್ದರೆ ಕುಣಿತ ನಿಲ್ಲಬೇಕು. ಹಿಮ್ಮೇಳದ ‘ಹಿಂ’ ಹಿಮ್ಮಡಿಯ ‘ಹಿಂ’ ಇದ್ದಂತೆ. ಹಿಂದಿರುವುದು ನಿಜ, ಮೈಭಾರವೂ ಅದರ ಮೇಲೆಯೇ.

ಆ ಜಾಗಕ್ಕೆ ಬಂದು ಕೂತವರು ಲೀಲಾವತಿ ಬೈಪಾಡಿತ್ತಾಯ. 1947ರಲ್ಲಿ ಕಾಸರಗೋಡಿನ ಮಧೂರಿನಲ್ಲಿ ಹುಟ್ಟಿ, ಕರ್ನಾಟಕ ಸಂಗೀತ ಕಲಿತು, ಮದುವೆಯಾದ ಮೇಲೆ ಯಕ್ಷಗಾನಕ್ಕೆ ಹೊರಳಿದವರು. ಪತಿ ಹರಿನಾರಾಯಣ ಬೈಪಾಡಿತ್ತಾಯರು ಚೆಂಡೆ, ಮದ್ದಳೆಯ ಕೈ. ಗಂಡಸರದೇ ಆದ ವೃತ್ತಿಮೇಳಗಳ ತಿರುಗಾಟದಲ್ಲಿ ಜಾಗಟೆ ಹಿಡಿದು ಆಟ ಆಡಿಸಿದ ಮೊದಲ ಹೆಂಗಸು. ಕಾವೂರಿನಿಂದ ಮರವೂರು ಸೇತುವೆ ದಾಟಿದರೆ ಬಜಪೆ. ಅವರು ನೆಲೆಸಿದ್ದ ತಲಕಳ ಅದರ ಆಸುಪಾಸಿನಲ್ಲೇ. 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು, 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರನ್ನು ಕರೆಯಲು ಭಾಷೆ ಹೊಸ ಪದ ಹುಡುಕಬೇಕಾಗಲಿಲ್ಲ. ‘ಭಾಗವತರು’ ಎಂಬ ಗೌರವದ ಬಹುವಚನದಲ್ಲಿ ಹೆಣ್ಣು-ಗಂಡಿನ ಗುರುತೇ ಇಲ್ಲ. ಭಾಷೆ ಬಾಗಿಲು ತೆರೆದೇ ಇಟ್ಟಿತ್ತು, ರಂಗಸ್ಥಳ ತಡಮಾಡಿತು. ಈಗಲೂ ಹೆಂಗಸರು ಕೂಡಿದರೆ ‘ಮಹಿಳಾ ಮೇಳ’ ಎನ್ನುತ್ತೇವೆ. ‘ಗಂಡಸರ ಮೇಳ’ ಎಂದು ಯಾರೂ ಫಲಕ ಬರೆಸುವುದಿಲ್ಲ.

ಯುರೋಪಿನ ‘ಚೇಂಬರ್ ಸಂಗೀತ’ದಲ್ಲೂ ಇದೇ ಕಥೆ. ಚೇಂಬರ್ ಎಂದರೆ ಕೋಣೆ, ನಮ್ಮ ಚಾವಡಿಯ ದೂರದ ನಂಟ. ಪಿಯಾನೊ, ವಯೊಲಿನ್, ಚೆಲ್ಲೊ ಅಲ್ಲಿನ ಮೂವರ ಮೇಳ. ಬರ್ಲಿನ್ನಿನ ಫ್ಯಾನಿ ಹೆನ್ಸೆಲ್ ಅದಕ್ಕಾಗಿ ರಚಿಸಿದ ಕೃತಿಯನ್ನು 1847ರ ಏಪ್ರಿಲಿನಲ್ಲಿ ಮೊದಲು ನುಡಿಸಿದ್ದು ತಮ್ಮ ಮನೆಯಲ್ಲೇ, ಮರುತಿಂಗಳು ತೀರಿಕೊಂಡರು. ಅಚ್ಚಾದದ್ದು 1850ರಲ್ಲಿ. ಹೆಂಗಸರು ರಚಿಸಿದ ಇಂಥ ಕೃತಿಗಳನ್ನೂ ಹೊಸ ರಚನೆಗಳನ್ನೂ ಹುಡುಕಿ ನುಡಿಸುವ ಮೂವರ ತಂಡಗಳು ಈಗ ಅಲ್ಲಿವೆ. ಕೋಣೆಯಲ್ಲಿ ಹುಟ್ಟಿದ್ದು ನಿಧಾನವಾಗಿ ಸಭೆಗೆ ಬರುತ್ತಿದೆ.

ಚಿಕ್ಕಮೇಳ ಹೋದ ಮೇಲೆ ಸೋಫಾ ಮೊದಲಿನ ಜಾಗಕ್ಕೆ ಬಂತು. ಮೂರನೇ ಕ್ಲಾಸಿನ ತಂಗಿಮಗಳು ಅಡುಗೆಮನೆಯಿಂದ ಬಟ್ಟಲು, ಸೌಟು ತಂದು, ಸತ್ಯಭಾಮೆ ಕುಣಿದ ನಡುಚಾವಡಿಯನ್ನು ಬಿಟ್ಟು, ಗೋಡೆಗೆ ಒರಗಿ ಕೂತಳು. “ವೇಷ ಹಾಕುವುದಿಲ್ಲವಾ?” ಎಂದೆ. “ನಾನು ಭಾಗವತರು. ನೀವು ಕುಣಿಯಿರಿ ಮಾವ” ಎಂದು ಬಟ್ಟಲಿಗೆ ಒಂದು ಪೆಟ್ಟು ಕೊಟ್ಟಳು. ಹಿಮ್ಮೇಳದ ಅರ್ಥ ಅವಳಿಗೆ ಸರಿಯಾಗಿಯೇ ಗೊತ್ತಿತ್ತು.