ನಾಡಿನ ನಾಯಕರು, ದೆಹಲಿಯ ಹಾದಿ

ರಾಜ್ಯದಲ್ಲಿ ಜನಮನ ಗೆದ್ದ ನಾಯಕರು ರಾಷ್ಟ್ರಮಟ್ಟದ ಚುನಾವಣೆಯಲ್ಲಿ ಎಡವುವುದೇಕೆ? ನಮ್ಮ ತಾಯ್ನಾಡಾದ ಕರ್ನಾಟಕದಲ್ಲಿಯೂ ನಾವು ನೆಲೆಸಿರುವ ಹೈದರಾಬಾದಿನಲ್ಲಿಯೂ ಇದಕ್ಕೆ ನಿದರ್ಶನಗಳಿವೆ.

ಕರ್ನಾಟಕದ ಅನುಭವ

ಭೂಸುಧಾರಣೆಯಿಂದಲೂ ಹಿಂದುಳಿದ ವರ್ಗಗಳ ಏಳಿಗೆಯಿಂದಲೂ ಮನೆಮಾತಾಗಿದ್ದ ಡಿ. ದೇವರಾಜ ಅರಸು ಅವರು 1979ರಲ್ಲಿ ಇಂದಿರಾ ಗಾಂಧಿಯವರಿಂದ ದೂರವಾದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ ರಾಜ್ಯದ 28 ಸ್ಥಾನಗಳಲ್ಲಿ 27ನ್ನು ಗೆದ್ದಿತು. ಅರಸು ಅವರು ಮುಖ್ಯಮಂತ್ರಿ ಪದವಿಯನ್ನು ತ್ಯಜಿಸಬೇಕಾಯಿತು.

ರಾಮಕೃಷ್ಣ ಹೆಗಡೆಯವರ ನಿದರ್ಶನ ಇನ್ನೂ ಸ್ಪಷ್ಟವಾದುದು. 1983ರಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರದ ಮುಖ್ಯಮಂತ್ರಿಯಾದ ಅವರ ಜನತಾ ಪಕ್ಷಕ್ಕೆ 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ದೊರೆತದ್ದು 4 ಸ್ಥಾನ ಮಾತ್ರ. ಇಂದಿರಾ ಗಾಂಧಿಯವರ ಹತ್ಯೆಯ ನಂತರದ ಅನುಕಂಪದ ಅಲೆ ಕಾಂಗ್ರೆಸ್ಸಿಗೆ 24 ಸ್ಥಾನಗಳನ್ನು ತಂದಿತು. ನೈತಿಕ ಹೊಣೆ ಹೊತ್ತು ಹೆಗಡೆಯವರು ರಾಜೀನಾಮೆಯಿತ್ತು ಹೊಸ ಜನಾದೇಶ ಕೋರಿದರು. 1985ರ ಮಾರ್ಚಿನಲ್ಲಿ ಅದೇ ಮತದಾರರು ವಿಧಾನಸಭೆಯ 224 ಸ್ಥಾನಗಳಲ್ಲಿ 139ನ್ನು ಜನತಾ ಪಕ್ಷಕ್ಕೆ ನೀಡಿದರು. ಮೂರೇ ತಿಂಗಳಲ್ಲಿ ನಾಯಕ ಬದಲಾಗಿರಲಿಲ್ಲ. ಮತದಾರನ ಮುಂದಿದ್ದ ಪ್ರಶ್ನೆ ಬದಲಾಗಿತ್ತು.

ಹೈದರಾಬಾದಿನ ಅನುಭವ

ಎನ್.ಟಿ. ರಾಮರಾವ್ ಅವರ ತೆಲುಗುದೇಶಂ 1984ರಲ್ಲಿ 30 ಸ್ಥಾನ ಗಳಿಸಿ ಲೋಕಸಭೆಯ ಅತಿದೊಡ್ಡ ವಿರೋಧಪಕ್ಷವಾಯಿತು. ಬಳಿಕ ಅವರು ರಾಷ್ಟ್ರೀಯ ರಂಗದ ಅಧ್ಯಕ್ಷರಾದರು. 1989ರಲ್ಲಿ ಆ ರಂಗ ದೆಹಲಿಯಲ್ಲಿ ಅಧಿಕಾರ ಹಿಡಿಯಿತಾದರೂ ಆಂಧ್ರದಲ್ಲಿ ತೆಲುಗುದೇಶಂ ಗೆದ್ದದ್ದು 2 ಲೋಕಸಭಾ ಸ್ಥಾನ ಮಾತ್ರ. ರಾಜ್ಯದ ಅಧಿಕಾರವೂ ಕೈತಪ್ಪಿತು.

ಕೆ. ಚಂದ್ರಶೇಖರ ರಾವ್ ಅವರು 2022ರಲ್ಲಿ ತೆಲಂಗಾಣ ರಾಷ್ಟ್ರ ಸಮಿತಿಯನ್ನು ಭಾರತ ರಾಷ್ಟ್ರ ಸಮಿತಿಯಾಗಿಸಿ ಮಹಾರಾಷ್ಟ್ರದಲ್ಲಿಯೂ ಸಭೆಗಳನ್ನು ನಡೆಸಿದರು. 2023ರ ವಿಧಾನಸಭಾ ಚುನಾವಣೆಯಲ್ಲಿ ಪಕ್ಷ 119ರಲ್ಲಿ 39 ಸ್ಥಾನಗಳಿಗೆ ಇಳಿಯಿತು. 2024ರ ಲೋಕಸಭೆಗೆ ಒಬ್ಬರೂ ಆಯ್ಕೆಯಾಗಲಿಲ್ಲ. ಆಡಳಿತದ ಬಗೆಗಿನ ಅಸಮಾಧಾನವೂ ಈ ಸೋಲಿಗೆ ಕಾರಣವೇ. ಆದರೆ ಪಕ್ಷವನ್ನು ಬೆಳೆಸಿದ ನಾಡಿನ ಹೆಸರನ್ನೇ ಬಿಟ್ಟದ್ದು ಹೊರಗೆ ನೆಲೆಯನ್ನು ತರಲಿಲ್ಲ.

ಕಾರಣಗಳು

ಮೊದಲನೆಯದಾಗಿ, ಸ್ಥಳೀಯ ಜನಪ್ರಿಯತೆ ಭಾಷೆ, ಸಮುದಾಯ ಹಾಗೂ ಕಣ್ಣಿಗೆ ಕಾಣುವ ಕೆಲಸಗಳನ್ನು ಆಧರಿಸಿರುತ್ತದೆ. ಗಡಿ ದಾಟಿದೊಡನೆ ಈ ಬಂಡವಾಳ ಚಲಾವಣೆಯಾಗುವುದಿಲ್ಲ. ಎರಡನೆಯದಾಗಿ, ಪರರಾಜ್ಯದಲ್ಲಿ ಮತಗಟ್ಟೆಯವರೆಗೆ ದುಡಿಯುವ ಕಾರ್ಯಕರ್ತರಿರುವುದಿಲ್ಲ. ಮೂರನೆಯದಾಗಿ, ಲೋಕಸಭಾ ಚುನಾವಣೆಯಲ್ಲಿ ಮತದಾರ ‘ದೇಶವನ್ನು ಆಳುವವರು ಯಾರು’ ಎಂದು ಕೇಳುತ್ತಾನೆ. ಕೇವಲ 28 ಸ್ಥಾನಗಳ ರಾಜ್ಯದ ಪಕ್ಷದಲ್ಲಿ ಅದಕ್ಕೆ ಸಿದ್ಧ ಉತ್ತರವಿರುವುದಿಲ್ಲ.

ಅಪವಾದಗಳೂ ಇವನ್ನೇ ದೃಢಪಡಿಸುತ್ತವೆ. ಗುಜರಾತಿನ ಮುಖ್ಯಮಂತ್ರಿಯಾಗಿದ್ದ ನರೇಂದ್ರ ಮೋದಿಯವರು 2014ರಲ್ಲಿ ಪ್ರಧಾನಿಯಾದಾಗ ಅವರ ಹಿಂದೆ ರಾಷ್ಟ್ರೀಯ ಪಕ್ಷವೊಂದರ ಸಂಘಟನೆಯಿತ್ತು. ಎಚ್.ಡಿ. ದೇವೇಗೌಡರು 1996ರಲ್ಲಿ ಪ್ರಧಾನಿಯಾದದ್ದು ರಾಷ್ಟ್ರವ್ಯಾಪಿ ಪ್ರಚಾರದಿಂದಲ್ಲ, ಸಂಯುಕ್ತ ರಂಗದ ನಾಯಕರ ಒಮ್ಮತದಿಂದ. ಕಾಂಗ್ರೆಸ್ ಬೆಂಬಲ ಹಿಂತೆಗೆದುಕೊಂಡಾಗ ಹನ್ನೊಂದು ತಿಂಗಳೊಳಗೆ ಆ ಸರ್ಕಾರ ಉರುಳಿತು.

ಕರ್ನಾಟಕದ ಮತದಾರನ ಈ ವಿವೇಚನೆ ಇಂದಿಗೂ ಮಾಸಿಲ್ಲ. 2023ರಲ್ಲಿ ಕಾಂಗ್ರೆಸ್ಸಿಗೆ 135 ವಿಧಾನಸಭಾ ಸ್ಥಾನಗಳನ್ನಿತ್ತ ರಾಜ್ಯವೇ 2024ರಲ್ಲಿ ಅದಕ್ಕೆ ನೀಡಿದ್ದು 9 ಲೋಕಸಭಾ ಸ್ಥಾನಗಳನ್ನು. ಇದನ್ನು ಚಂಚಲತೆಯೆಂದು ಜರಿಯುವುದು ಸುಲಭ. ಆದರೆ ವಿಧಾನಸೌಧಕ್ಕೊಂದು, ಸಂಸತ್ತಿಗೊಂದು ಎಂದು ಎರಡು ತಕ್ಕಡಿಗಳನ್ನಿರಿಸಿಕೊಂಡ ಮತದಾರನನ್ನು ಅರಿಯದ ನಾಯಕನಿಗೆ ದೆಹಲಿ ದೂರವೇ ಉಳಿಯುತ್ತದೆ.