ಬೀಳುವ ಬೆಕ್ಕಿನ ಸಮಸ್ಯೆ

ಬೆನ್ನು ಕೆಳಗಾಗಿ ಕೈಬಿಟ್ಟ ಬೆಕ್ಕು ಗಾಳಿಯಲ್ಲೇ ಹೊರಳಿ ನಾಲ್ಕೂ ಕಾಲುಗಳ ಮೇಲೆ ಇಳಿಯುವುದು ಹೇಗೆಂಬ ಭೌತವಿಜ್ಞಾನದ ಪ್ರಶ್ನೆ. ಗುರುತ್ವ ಬಲ ದೇಹದ ದ್ರವ್ಯರಾಶಿ ಕೇಂದ್ರದ ಮೂಲಕ ಎಳೆಯುವುದರಿಂದ ದೇಹವನ್ನು ಕೆಡವಬಲ್ಲದೇ ಹೊರತು ತಿರುಗಿಸಲಾರದು. ಇಷ್ಟು ಕಡಿಮೆ ವೇಗದಲ್ಲಿ ಗಾಳಿಯ ತಡೆ ಲೆಕ್ಕಕ್ಕಿಲ್ಲ. ಆದ್ದರಿಂದ ಕೈಬಿಟ್ಟ ಗಳಿಗೆಯಲ್ಲಿ ಸೊನ್ನೆಯಿದ್ದ ಕೋನೀಯ ಸಂವೇಗ ನೆಲ ಮುಟ್ಟುವವರೆಗೂ ಸೊನ್ನೆಯೇ. ಹಾಗಿದ್ದೂ ಬೆಕ್ಕು ತಿರುಗುತ್ತದೆ.

ಹಿಡಿದವರ ಕೈಯನ್ನೇ ಒದ್ದು ಬೆಕ್ಕು ತಿರುವು ಪಡೆಯುತ್ತದೆ ಎಂದು 19ನೇ ಶತಮಾನದ ಅನೇಕ ವಿದ್ವಾಂಸರು ನಂಬಿದ್ದರು. ಫ್ರಾನ್ಸಿನ ಶರೀರಕ್ರಿಯಾ ವಿಜ್ಞಾನಿ ಎತಿಯೆನ್ ಜೂಲ್ ಮಾರೆ 1894ರಲ್ಲಿ ತೆಗೆದ ಸರಣಿ ಛಾಯಾಚಿತ್ರಗಳಲ್ಲಿ ಬೀಳತೊಡಗಿದ ಬೆಕ್ಕು ತುಸುವೂ ತಿರುಗುತ್ತಿರಲಿಲ್ಲ. ಒದೆತದ ವಾದ ಅಲ್ಲಿಗೆ ಬಿದ್ದುಹೋಯಿತು.

ಗುಟ್ಟಿರುವುದು ಬೆಕ್ಕಿನ ಬಳುಕುವ ನಡುವಿನಲ್ಲಿ. ಅದು ಮುಂಗಾಲುಗಳನ್ನು ಎದೆಗೆ ಮಡಚಿ ಹಿಂಗಾಲುಗಳನ್ನು ಚಾಚುತ್ತದೆ. ಮಡಚಿದ ಮುಂಭಾಗದ ಜಡತ್ವ ಕಡಿಮೆ, ಚಾಚಿದ ಹಿಂಭಾಗದ್ದು ಹೆಚ್ಚು. ಮುಂಭಾಗ ಬಹಳಷ್ಟು ತಿರುಗಿದರೂ ಹಿಂಭಾಗ ವಿರುದ್ಧ ದಿಕ್ಕಿಗೆ ಸರಿಯುವುದು ಸ್ವಲ್ಪವೇ. ಮರುಕ್ಷಣ ಮುಂಗಾಲು ಚಾಚಿ, ಹಿಂಗಾಲು ಮಡಚಿ, ಹಿಂಭಾಗವನ್ನು ಸೆಳೆದುಕೊಳ್ಳುತ್ತದೆ. ಇದರ ಜೊತೆಗೆ ನಡುವನ್ನು ಬಗ್ಗಿಸಿ ಎರಡೂ ಭಾಗಗಳನ್ನು ಅವುಗಳದೇ ಅಕ್ಷದ ಸುತ್ತ ಉರುಳಿಸುವ ಚಲನೆಯೂ ಇದೆ; ಇದೇ ಮುಖ್ಯವೆನ್ನುವವರೂ ಉಂಟು. ಸ್ಟ್ಯಾನ್‌ಫರ್ಡಿನ ಕೇನ್ ಮತ್ತು ಶೆರ್ 1969ರಲ್ಲಿ ಬೆಕ್ಕನ್ನು ಜೋಡಿಸಿದ ಎರಡು ಗಟ್ಟಿಕಾಯಗಳೆಂದು ಕಲ್ಪಿಸಿ ಇದನ್ನು ಗಣಿತಕ್ಕೆ ಇಳಿಸಿದರು. ಬಾಲಕ್ಕೆ ಜನ ಕೊಡುವಷ್ಟು ಮಹತ್ವವಿಲ್ಲ, ಬಾಲವಿಲ್ಲದ ಮ್ಯಾಂಕ್ಸ್ ತಳಿಯ ಬೆಕ್ಕೂ ಸರಾಗವಾಗಿ ಹೊರಳುತ್ತದೆ. ಒಂದು ಮೀಟರ್ ಬೀಳಲು ಹಿಡಿಯುವುದು ಸುಮಾರು 0.45 ಸೆಕೆಂಡ್, ಅಷ್ಟರೊಳಗೆ ಇದೆಲ್ಲ ಮುಗಿದಿರುತ್ತದೆ. ಮೇಲು ಕೆಳಗಿನ ಸುಳಿವು ಕೊಡುವುದು ಒಳಗಿವಿ ಮತ್ತು ಕಣ್ಣು.

ಭಾರರಹಿತ ಸ್ಥಿತಿಯಲ್ಲಿ ತೇಲುವ ಗಗನಯಾತ್ರಿಯೂ ಕೈಕಾಲುಗಳನ್ನು ಕ್ರಮವಾಗಿ ಆಡಿಸಿ ಹೀಗೆಯೇ ದಿಕ್ಕು ಬದಲಿಸಬಲ್ಲ. ವಿಮಾನದಿಂದ ಜಿಗಿಯುವ ಸ್ಕೈಡೈವರ್‌ನ ಮಾತು ಬೇರೆ. ಹೊಟ್ಟೆ ಕೆಳಗಾಗಿ ಬೀಳುವಾಗ ಅವರ ವೇಗ ಗಂಟೆಗೆ ಸುಮಾರು 190 ಕಿ.ಮೀ. ತಲುಪುತ್ತದೆ, ಆಗ ಗಾಳಿಯೇ ಆಸರೆ, ತೋಳನ್ನು ತುಸು ಓರೆ ಮಾಡಿದರೆ ಸಾಕು, ಮೈ ತಿರುಗುತ್ತದೆ. ಈಜುಕೊಳಕ್ಕೆ ಧುಮುಕುವ ಡೈವರ್ ಹಲಗೆಯನ್ನು ಒದ್ದೇ ಸಂವೇಗವನ್ನು ಹೊತ್ತು ಹೊರಡುತ್ತಾನೆ. ಮಂಡಿ ತಬ್ಬಿದರೆ ಲಾಗ ಚುರುಕಾಗುತ್ತದೆ, ಮೈ ಚಾಚಿದರೆ ನಿಧಾನವಾಗುತ್ತದೆ. ಆ ಸಂವೇಗವನ್ನು ಇಲ್ಲವಾಗಿಸುವುದು ನೀರು ಮಾತ್ರ.